ಗೇರ್ ಎಣ್ಣೆಗೊಂದು ಕೂಲರು

ತೊಂಬತ್ತರ ದಶಕದಲ್ಲಿ ಹರಾಜಿನಲ್ಲಿ ಹಿಡಿದ ಫಾರಿನ್ ಪಿಕಪ್ಪಿಗೆ ಜನರೇಟರ್ ಟ್ರೇಲರು ಕಟ್ಟಿಕೊಂಡು ಮದುವೆಗಳಿಗೆ ಕರೆಂಟು ಕೊಡಲು ಹೋಗುತ್ತಿದ್ದೆ. ಮೇಲುಕೋಟೆ ಏರಿನಲ್ಲಿ ಅದರ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ ಕಾದು ಗಾಡಿ ನಿಂತುಬಿಡುತ್ತಿತ್ತು. ಒಮ್ಮೆ ಹೊತ್ತಿಗೆ ತಲುಪದೆ ಮದುಮಕ್ಕಳನ್ನೇ ಕತ್ತಲಲ್ಲಿ ಕೂರಿಸಿದ್ದೆ.

ಕಮ್ಮಾರಿಕೆ ಬಿಟ್ಟು ಮೆಕ್ಯಾನಿಕ್ ಆಗಿದ್ದ ಕೆ.ಆರ್. ಪೇಟೆಯ ಆಚಾರ್ರಿಗೆ ಗಾಡಿ ತೋರಿಸಿದೆ. ಅವರು ಒಳಗೆ ಇಣುಕಿದರು.

"ಕ್ಲಚ್ಚೇ ಇಲ್ವಲ್ಲೋ! ಗೇರ್ ಯಾರ್ಲಾ ಹಾಕೋರು?"

"ಅದೇ ಹಾಕ್ಕತದೆ ಆಚಾರ್ರೇ."

"ಎಲ್ಲಾ ಅದ್ರ ಕೈಲೇ ಮಾಡ್ಸುದ್ರೆ ತಲೆ ಬಿಸಿಯಾಗ್ದೆ ಇರ್ತದಾ?"

ಗುಜರಿಯಿಂದ ತಂದ, ಎಣ್ಣೆ ತಣಿಸುವ ಸಣ್ಣ ಕೂಲರನ್ನು ರೇಡಿಯೇಟರಿನ ಮುಂದೆ ಕೂರಿಸಿ, ಗೇರ್ ಎಣ್ಣೆ ಅದರೊಳಗೂ ಸುತ್ತಿ ಬರುವಂತೆ ಪೈಪು ಜೋಡಿಸಿದರು. ಮರುದಿನ ಅವರನ್ನೂ ಕೂರಿಸಿಕೊಂಡು, ಟ್ರೇಲರು ಎಳೆದುಕೊಂಡು ಹೊರಟೆ. ಗಾಡಿ ಎಲ್ಲೂ ನಿಲ್ಲದೆ ಬೆಟ್ಟ ಹತ್ತಿತು. ಆಚಾರ್ರು ಇಳಿದವರೇ ಕೂಲರು ಮುಟ್ಟಿ, ಬೆರಳು ಸುಟ್ಟುಕೊಂಡು ಕುಣಿದರು.

"ಬಿಸಿಯೆಲ್ಲಾ ಇಲ್ಲಿಗೆ ಬಂದ್ಬುಟ್ಟದೆ ಕಣ್ಲಾ!"

ಕೈ ಸುಟ್ಟುಕೊಂಡು ಅಷ್ಟು ಖುಷಿಪಟ್ಟವರನ್ನು ನಾನು ಇನ್ನೆಲ್ಲೂ ಕಂಡಿಲ್ಲ.