ನೆರಿಗೆಯೂ ಕಾಣಬೇಕು, ಮುಖವೂ ಕಾಣಬೇಕು

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ಮಡಿಕೇರಿ ಪೇಟೆಯ ಅಂಗಡಿಯವರಿಗೆ ಒಂದು ಹುಚ್ಚು ಹಿಡಿಯಿತು. ನಮ್ಮ ಬೀದಿಯ ಕೊನೆಯಲ್ಲಿ ಕಾಫಿ ಗೋದಾಮಿನ ಉದ್ದನೆಯ ಗೋಡೆಯಿತ್ತು. ಅದರ ತುಂಬ ಬೀದಿಯ ಹಳೆಯ ಕಾಲದ ಚಿತ್ರ ಬರೆಸಬೇಕು, ನಮ್ಮದು ಎಂಥ ಪೇಟೆಯೆಂದು ಮೈಸೂರಿನಿಂದ ಬರುವ ಅಧಿಕಾರಿಗಳು ನೋಡಬೇಕು ಎಂದು ತೀರ್ಮಾನವಾಯಿತು. ಅಲ್ಲಿಯವರೆಗೆ ಆ ಗೋಡೆ ಗಂಡಸರಿಗೆ ಮಾತ್ರ ಉಪಯೋಗಕ್ಕೆ ಬರುತ್ತಿತ್ತು. ಯಾತಕ್ಕೆ ಎಂದು ಹೇಳಬೇಕಾಗಿಲ್ಲ.

ಬೀದಿಯ ಹಳಬರೆಲ್ಲ ಚಿತ್ರದಲ್ಲಿರಬೇಕು ಎಂದಾಗ ಎಲ್ಲರೂ ಮೊದಲು ನೆನೆದದ್ದು ನನ್ನ ಅತ್ತೆಯನ್ನು. ಕೊಡಗನ್ನು ಚೀಫ್ ಕಮಿಷನರು ಆಳುತ್ತಿದ್ದ ಕಾಲದಿಂದಲೂ ಅವರು ದರ್ಜಿ ಅಂಗಡಿಯ ಜಗಲಿಯಲ್ಲಿ ಕಿತ್ತಳೆ ಬುಟ್ಟಿ ಇಟ್ಟುಕೊಂಡು ಕೂತವರು. ಹೊಸ ಸೊಸೆಯಾದ ನಾನು ಪಕ್ಕದಲ್ಲಿ ಹಣ್ಣು ಒರೆಸುತ್ತಿದ್ದೆ. ಸುದ್ದಿ ಕೇಳಿದ ಮೇಲೆ ಅತ್ತೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಒಂದು ಫೋಟೋ ಕೂಡ ತೆಗೆಸಿಕೊಂಡವರಲ್ಲ. ಈಗ ಗೋಡೆಯ ಮೇಲೆ ಆಳೆತ್ತರ ನಿಲ್ಲುವುದೆಂದರೆ!

ಚಿತ್ರ ಬರೆಯಲು ಮೈಸೂರಿನಿಂದ ಒಬ್ಬ ಬಂದ. ನಾಟಕದ ಪರದೆ ಬರೆದು ಕೈ ಪಳಗಿದವನು. ಹಾಗಾಗಿ ಸೀಮೆಎಣ್ಣೆ ಅಂಗಡಿಗೆ ಅರಮನೆಯ ಕಂಬ ಬಂತು, ಒಣಮೀನಿನ ಅಂಗಡಿಯ ಮುಂದೆ ನವಿಲು ಕುಣಿಯಿತು. ಒಣಮೀನಿನ ಕಾಕನಿಗೆ ಭಾರಿ ಖುಷಿ. ಸಿಕ್ಕವರಿಗೆಲ್ಲ ತೋರಿಸಿ, "ನನ್ನ ಮೀನಿನ ವಾಸನೆಗೆ ಬಂದದ್ದು ಅದು" ಎನ್ನುತ್ತಿದ್ದ.

ಬುಟ್ಟಿಯ ಹಿಂದೆ ಕೂತಿದ್ದ ಅತ್ತೆಯನ್ನು ನೋಡಿಕೊಂಡು ಹೋಗಿ ಚಿತ್ರದವನು ಅವರನ್ನೂ ನಿಂತ ಹಾಗೆ ಬರೆದ. ಮುಗಿಯಿತೆಂದು ಕರೆದಾಗ ನಾನು ಬುಟ್ಟಿ ಸೊಂಟಕ್ಕಿಟ್ಟುಕೊಂಡು ಅವರ ಹಿಂದೆ ಓಡಿದೆ. ಮುಖ ಅವರದೇ, ಮೂಗುತಿ ಅವರದೇ. ಮೇಲಿಂದ ಕೆಳಗೆ ನೋಡುತ್ತ ಬಂದ ಅತ್ತೆಯ ಕಣ್ಣು ಸೊಂಟದ ಹತ್ತಿರ ನಿಂತಿತು.

"ಇದು ಯಾರ ಮನೆ ಹೆಂಗಸು?"

"ನೀವೇ ಅಮ್ಮ," ಎಂದ ಅವನು.

"ನಾನಾ? ನೆರಿಗೆ ಮುಂದೆ ಇಟ್ಟುಕೊಂಡು?"

ನಮ್ಮ ಕೊಡಗಿನಲ್ಲಿ ಗೌಡರಾಗಲಿ ಕೊಡವರಾಗಲಿ, ಹೆಂಗಸರು ಸೀರೆಯ ನೆರಿಗೆ ಸಿಕ್ಕಿಸುವುದು ಹಿಂದಕ್ಕೆ. ಇವನ ಕೈ ತನ್ನ ಊರಿನ ಸೀರೆಯನ್ನೇ ಉಡಿಸಿತ್ತು.

"ಕೊಡಗು ಮೈಸೂರಿಗೆ ಸೇರಿದ್ದು ಸರಿ. ನನ್ನ ಸೀರೆ ಇನ್ನೂ ಸೇರಿಲ್ಲೆ!" ಎಂದರು ಅತ್ತೆ.

ಅವನೂ ಬಿಡಲಿಲ್ಲ. "ಹಿಂದಿರೋ ನೆರಿಗೆ ಮುಂದಿನಿಂದ ಕಾಣೋದಿಲ್ಲ ಅಮ್ಮ. ಕಾಣ್ಬೇಕು ಅಂದ್ರೆ ನಿಮ್ಮನ್ನ ತಿರುಗಿಸ್ಬೇಕು. ತಿರುಗಿಸಿದ್ರೆ ಮುಖ ಹೋಗುತ್ತೆ. ಯಾವುದು ಬೇಕು ಹೇಳಿ."

ಅತ್ತೆ ಗೋಡೆಯನ್ನೊಮ್ಮೆ, ತಮ್ಮ ಸೀರೆಯನ್ನೊಮ್ಮೆ ನೋಡಿದರು. ಮುಖವಿಲ್ಲದಿದ್ದರೆ ಯಾರೋ ಒಬ್ಬಳು, ನೆರಿಗೆಯಿಲ್ಲದಿದ್ದರೆ ಮೈಸೂರಿನವಳು. ಅಷ್ಟರಲ್ಲಿ ಬೀದಿಗೆ ಬೀದಿಯೇ ಬಂದು ಸೇರಿತು. ದರ್ಜಿ ನೆರಿಗೆಯ ಪರ, ದಿನಸಿ ಅಂಗಡಿಯವರು ಮುಖದ ಪರ. ವಿರಾಜಪೇಟೆ ಬಸ್ಸು ಹಾರ್ನ್ ಹೊಡೆದು ಹೊಡೆದು ಸುಸ್ತಾಗಿ ನಿಂತಿತು. ಡ್ರೈವರ್ ಇಳಿದು ಬಂದು ವಿಷಯ ಕೇಳಿ, ಮುಖದ ಪರ ಸೇರಿಕೊಂಡ.

"ಮುಖ ಯಾಕೆ ಅಕ್ಕ?" ಎಂದ ಕಾಕ. "ಅದನ್ನ ನಾವು ದಿನಾ ನೋಡ್ತೇವಲ್ಲ. ಗೋಡೆಯಲ್ಲಾದ್ರೂ ಆಚೆ ತಿರುಗಿ!"

"ನಿನ್ನ ಮೀನಿಗೆ ನಾಯಿ ಬಾಯಿ ಹಾಕಲಿ!" ಎಂದು ಅತ್ತೆ ಸಿಟ್ಟಿನಿಂದ ಹೊರಟೇಬಿಟ್ಟರು. ನಗು ತಡೆಯಲಾಗದೆ ನನಗೆ ಬಿಕ್ಕಳಿಕೆ ಹತ್ತಿತ್ತು. ಕಾಕ ಸುಮ್ಮನಿರುವ ಪ್ರಾಣಿಯಲ್ಲ. ನನ್ನ ಬುಟ್ಟಿಯಿಂದ ಒಂದು ಕಿತ್ತಳೆ ಎತ್ತಿ ಸುಲಿಯತೊಡಗಿದ. ವಾಸನೆ ಬಡಿದಿರಬೇಕು. ಹೋಗುತ್ತಿದ್ದ ಅತ್ತೆ ಕತ್ತು ಮಾತ್ರ ಹಿಂದಕ್ಕೆ ತಿರುಗಿಸಿ ಕೂಗಿದರು:

"ಏ ಕಾಕ! ಹಣ್ಣು ಕೆಳಗಿಡು!"

"ಅಲ್ಲಾಡ್ಬೇಡಿ!" ಚಿತ್ರದವನು ಅದಕ್ಕಿಂತ ಜೋರಾಗಿ ಕೂಗಿದ. "ಹಾಗೇ! ಹಾಗೇ ನಿಲ್ಲಿ!"

ಕೆಳಗೆ ನೆರಿಗೆ, ಮೇಲೆ ಮುಖ. ಎರಡೂ ಸಿಕ್ಕಿದ್ದವು. ಬೆಳಗಿನ ಹೊತ್ತೆಲ್ಲ ಅತ್ತೆ ಕತ್ತು ತಿರುಚಿಕೊಂಡು ನಿಂತರು. ಅವರ ಬಾಯಿ ಮುಚ್ಚಿತೆಂದರೆ ಕಾಕ ಇನ್ನೊಂದು ಹಣ್ಣು ಮುಟ್ಟುವನು, ಬಾಯಿ ತೆರೆಯುವುದು. ಸಂಜೆ ನಾನು ಅವರ ಕತ್ತಿಗೆ ತೆಂಗಿನೆಣ್ಣೆ ತಿಕ್ಕಿದೆ.

ಮುಗಿದ ಚಿತ್ರ ನೋಡಿ, "ಬಾಯಿ ಒಂಚೂರು ದೊಡ್ಡ ಆತ್," ಎಂದರು. ಆದರೆ ಅಲ್ಲಿಂದ ಅವರನ್ನು ಮನೆಗೆ ಎಳೆದು ತರುವಷ್ಟರಲ್ಲಿ ನನಗೆ ಸಾಕಾಯಿತು.

ಮಾರನೆಯ ದಿನ ಗೋಡೆಯಲ್ಲಿದ್ದ ಉಳಿದ ಹೆಂಗಸರೂ ಬಂದರು. ಸೊಪ್ಪಿನವಳು, ಬಳೆಯವಳು, ನೀರು ಹೊರುವವಳು, ಎಲ್ಲರದೂ ಒಂದೇ ಹಟ: ಆಕೆಯನ್ನು ತಿರುಗಿಸಿದೆಯಲ್ಲ, ನಮ್ಮನ್ನೂ ತಿರುಗಿಸು. ಅವನು ತಲೆ ಚಚ್ಚಿಕೊಂಡು ಎಲ್ಲರನ್ನೂ ತಿರುಗಿಸಿದ. ಸಿಟ್ಟಿಗೋ ಸುಸ್ತಿಗೋ, ಎಲ್ಲರಿಗೂ ಅತ್ತೆಯ ಬಾಯಿಯನ್ನೇ ಇಟ್ಟ.

ಉದ್ಘಾಟನೆಗೆ ಮೈಸೂರಿನ ಅಧಿಕಾರಿಯೊಬ್ಬರು ಹೆಂಡತಿಯ ಜೊತೆ ಬಂದರು. ಗೋಡೆಯ ಆ ತುದಿಯಿಂದ ಈ ತುದಿಯವರೆಗೆ ನೋಡಿ ಮೆಲ್ಲಗೆ ಕೇಳಿದರು, "ಹೆಂಗಸರೆಲ್ಲ ಯಾಕೆ ನಮಗೆ ಬೆನ್ನು ಹಾಕಿದ್ದಾರೆ?"

"ಬೆನ್ನು ಹಾಕಿದ್ದಲ್ಲ ಸ್ವಾಮಿ," ಎಂದರು ಅತ್ತೆ. "ನೆರಿಗೆ ತೋರಿಸಿದ್ದು."

ಅಧಿಕಾರಿಯ ಹೆಂಡತಿ ನಕ್ಕೇಬಿಟ್ಟರು. "ನನಗೂ ಹಾಗೆ ಉಡಿಸ್ತೀರಾ?" ಎಂದರು.

ಅಷ್ಟು ಸಾಕಾಯಿತು. ದರ್ಜಿಯನ್ನು ಅವನ ಅಂಗಡಿಯಿಂದಲೇ ಹೊರಗಟ್ಟಿ ಬಾಗಿಲು ಹಾಕಿದೆವು. ನಾನು ಸೆರಗು ಹಿಡಿದೆ, ಅತ್ತೆ ನೆರಿಗೆ ಹಿಡಿದರು. ನಾವು ಹೊರಗೆ ಬರುವಾಗ ಅಧಿಕಾರಿಯ ಭಾಷಣ ಮುಗಿದಿತ್ತು. ಹೆಂಡತಿಯನ್ನು ಹುಡುಕುತ್ತ ಅವರು ಗುರುತು ಹಿಡಿಯದೆ ಆಕೆಯ ಬೆನ್ನ ಹಿಂದೆಯೇ ಹಾದುಹೋದರು. ಆಕೆ ನಮ್ಮಿಬ್ಬರ ನಡುವೆ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು. ಇನ್ನೇನು ಆಕೆ ಗಂಡನನ್ನು ಕರೆಯಬೇಕು, ಅತ್ತೆ ಅವರ ಕೈ ಚಿವುಟಿದರು.

"ಕರೀಬೇಡಿ. ಬಸ್‌ಸ್ಟ್ಯಾಂಡ್ ತನಕ ಹೋಗಲಿ, ನೋಡುವ."