ಶ್ ಮೇಡಂ ತೆರೆದ ಮಾತಿನ ಪುಟ

ಕಾಲೇಜಿನಲ್ಲಿ ಆಕೆಯ ನಿಜವಾದ ಹೆಸರು ಗೊತ್ತಿದ್ದದ್ದು ಹಾಜರಿ ನೋಡುವ ಗುಮಾಸ್ತರೊಬ್ಬರಿಗೇ. ಉಳಿದವರಿಗೆಲ್ಲ ಆಕೆ ‘ಶ್ ಮೇಡಂ’. ಇಪ್ಪತ್ತಾರು ವರ್ಷ ಗ್ರಂಥಪಾಲಕಿಯಾಗಿ, ಪಿಸುಗುಟ್ಟಿದವರನ್ನೂ ಬಿಡದೆ ‘ಶ್’ ಎಂದು ಗದರಿಸಿ ಸಂಪಾದಿಸಿದ ಬಿರುದು ಅದು. ಅಂಥವರಿಗೆ ಪ್ರಿನ್ಸಿಪಾಲರು ಹೇಳಿದ್ದೇನು? ಮಕ್ಕಳನ್ನು ಮಾತಾಡಿಸಿ!

“ಕಾಲೇಜು ಕಮಿಟಿಯವರು ತಪಾಸಣೆಗೆ ಬರೋದ್ರೊಳಗೆ ಲೈಬ್ರರಿ ವೆಬ್‌ಸೈಟಲ್ಲಿ ಓಡಾಟ ಕಾಣ್ಬೇಕು ಮೇಡಂ. ಇಲ್ಲಾಂದ್ರೆ ಓದೋ ಹಾಲನ್ನ ಈಗಿನ ಥರ ರಾತ್ರಿ ಎಂಟರ ತನಕ ತೆರೆದಿಡೋಕೆ ಅವರು ಒಪ್ಪಲ್ಲ. ಐದಕ್ಕೇ ಬೀಗ.”

ಆ ಹಾಲ್ ಎಂದರೆ ಆಕೆಗೆ ಪ್ರಾಣ. ಹಲ್ಲು ಕಚ್ಚಿಕೊಂಡು ವೆಬ್‌ಸೈಟಿನ ಕೆಲಸ ಕಲಿತರು. ರಸಪ್ರಶ್ನೆ ಹಾಕಿದರು, ಒಬ್ಬರೂ ಮುಟ್ಟಲಿಲ್ಲ. ಯಾವ ಪುಸ್ತಕ ತರಿಸಲಿ ಎಂದು ಮತ ಕೇಳಿದರು, ಬಿದ್ದದ್ದು ಐದು. ಅದರಲ್ಲಿ ಮೂರು, ಗುಂಡಿ ಕೆಲಸ ಮಾಡುತ್ತದೋ ಇಲ್ಲವೋ ಎಂದು ಅವರೇ ಒತ್ತಿ ನೋಡಿದ್ದು. ಒಂದು ಗಂಡನದು. ಆ ಮಹಾರಾಯರು ಆರಿಸಿದ್ದು ‘ಯಾವುದೂ ಬೇಡ’. ಮೈ ಪರಚಿಕೊಳ್ಳುವಂತಾಯಿತು.

“ಅಮ್ಮಾ, ನಿನ್ನ ಪ್ರಶ್ನೆಗಳೆಲ್ಲ ಪರೀಕ್ಷೆ ಥರ ಇವೆ,” ಎಂದಳು ಮಗಳು. “ಚಾಟ್ ಇಡು. ಅವರು ಏನಾದ್ರೂ ಹರಟ್ಲಿ, ನೀನು ಸುಮ್ನಿರು.”

ಸುಮ್ಮನಿರುವುದಂತೆ! ಬುಧವಾರ ಮೂರು ಗಂಟೆಗೆ ಚಾಟ್ ತೆರೆದು, ‘ಹಾಲ್ ಎಂಟರವರೆಗೆ ಯಾಕೆ ಬೇಕು?’ ಎಂದು ಕೇಳಿದರು. ನಲವತ್ತಮೂರು ಜನ ಬಂದರು. ಒಬ್ಬ ‘ನಿದ್ದೆ ಮಾಡಕ್ಕೆ’ ಎಂದ. ಇನ್ನೊಬ್ಬ ಅವನ ಗೊರಕೆಯ ವರ್ಣನೆಗೆ ಕೂತ. ಮತ್ತೊಬ್ಬಳು ಯಾರದೋ ಹೊಸ ಕ್ರಾಪಿನ ಸುದ್ದಿ ತೆಗೆದಳು. ಶ್ ಮೇಡಂ ಹತ್ತು ನಿಮಿಷ ತಡೆದರು. ಹನ್ನೊಂದನೆಯ ನಿಮಿಷಕ್ಕೆ ಇಪ್ಪತ್ತಾರು ವರ್ಷದ ಚಾಳಿ ಬೆರಳಿಗೆ ಇಳಿಯಿತು: ‘ಗಲಾಟೆ ಬೇಡ. ವಿಷಯಕ್ಕೆ ಬನ್ನಿ.’ ಅಷ್ಟಕ್ಕೇ ನಿಲ್ಲದೆ, ತಮ್ಮ ಒಪ್ಪಿಗೆಯಿಲ್ಲದೆ ಯಾರ ಮಾತೂ ಪುಟದಲ್ಲಿ ಕಾಣದಂತೆ ಮಾಡುವ ಗುಂಡಿಯನ್ನೂ ಒತ್ತಿದರು.

ಪುಟ ತಣ್ಣಗಾಯಿತು. ಒಂದು ಗಂಟೆ ಕಾದರು, ಒಂದಕ್ಷರ ಕಾಣಲಿಲ್ಲ. ಹರಟೆಗೆ ಮಾತ್ರ ಮುಂದು, ಕೆಲಸದ ಮಾತೆಂದರೆ ಎಲ್ಲರೂ ಪರಾರಿ ಎಂದು ಬೈದುಕೊಂಡು ಮುಚ್ಚಿದರು.

ಕಮಿಟಿ ಬಂತು, ಆ ಪುಟ ನೋಡಿತು, ಹೋಯಿತು. ಸೋಮವಾರದಿಂದ ಐದಕ್ಕೇ ಬೀಗ ಎಂಬ ನೋಟಿಸನ್ನು ಆಕೆಯೇ ಬಾಗಿಲಿಗೆ ಅಂಟಿಸಬೇಕಾಯಿತು.

ಸೋಮವಾರ ಎಲ್ಲರೂ ಎದ್ದುಹೋದ ಮೇಲೂ ಹುಡುಗಿಯೊಬ್ಬಳು ನಿಧಾನವಾಗಿ ಪುಸ್ತಕ ಜೋಡಿಸಿಕೊಳ್ಳುತ್ತಿದ್ದಳು. ಮೇಡಂಗೆ ತಡೆಯಲಾಗಲಿಲ್ಲ.

“ಅಷ್ಟು ಕೇಳಿದ್ನಲ್ಲಮ್ಮಾ, ಒಂದು ಮಾತು ಬರೆಯೋಕೇನಾಗಿತ್ತು ನಿಮಗೆ?”

“ಬರೆದೆ ಮೇಡಂ. ನಮ್ಮನೇಲಿ ಇರೋದೇ ಒಂದು ಕೋಣೆ, ಟಿವಿ ಆರಲ್ಲ, ಓದಕ್ಕೆ ಇದೇ ಜಾಗ ಅಂತ. ನೀವೇ ಒಪ್ಪಲಿಲ್ಲ. ‘ಒಪ್ಪಿಗೆಗೆ ಕಾಯುತ್ತಿದೆ’ ಅಂತ ಇವತ್ತೂ ತೋರಿಸ್ತಿದೆ.”

ಆಕೆ ಕಂಪ್ಯೂಟರಿನತ್ತ ಓಡಿದರು. ಪುಟದ ಮೂಲೆಯಲ್ಲಿ, ತಾವು ಒಮ್ಮೆಯೂ ಒತ್ತಿ ನೋಡದ ಜಾಗದಲ್ಲಿ, ಮೂವತ್ತೊಂದು ಮಾತುಗಳು ಕಾದು ಕೂತಿದ್ದವು. ‘ಹಾಸ್ಟೆಲಲ್ಲಿ ಸಂಜೆ ಕರೆಂಟಿರಲ್ಲ.’ ‘ಕೆಲಸ ಮುಗಿಸಿ ಬರೋಷ್ಟರಲ್ಲಿ ಆರಾಗುತ್ತೆ.’ ನಿದ್ದೆಯವನದೂ ಒಂದಿತ್ತು: ‘ತಮಾಷೆ ಮಾಡ್ದೆ, ಸಾರಿ ಮೇಡಂ. ಹಾಲ್ ಮುಚ್ಚಬೇಡಿ.’

ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಬೈಯೋಣವೆಂದರೆ ತಮ್ಮನ್ನು ಬಿಟ್ಟು ಬೇರೆ ಯಾರೂ ಸಿಗಲಿಲ್ಲ. ಒಂದೊಂದಕ್ಕೂ ‘ಒಪ್ಪಿಗೆ’ ಒತ್ತುತ್ತಾ ಹೋದರು. ಹನ್ನೆರಡನೆಯದಕ್ಕೆ ಬಂದಾಗ ಕಾವಲುಗಾರ ಬಾಗಿಲಲ್ಲಿ ನಿಂತ.

“ಮೇಡಂ, ಐದೂಕಾಲು. ಬೀಗ ಹಾಕ್ಬೇಕು.”