ಎಳ್ಳ ಅಮಾವಾಸ್ಯೆಯ ಹೆಬ್ಬೆರಳು

ನಮ್ಮ ಕಡೆ ಎಳ್ಳ ಅಮಾವಾಸ್ಯೆಯ ದಿನ ಮನೆಗಳಿಗೆಲ್ಲ ಬೀಗ. ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿಯ ಗಡಿಗೆ ಹೊತ್ತುಕೊಂಡು ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಭೂಮಿತಾಯಿಗೆ ನೈವೇದ್ಯದ ಚರಗ ಚೆಲ್ಲಿ, ಬಳಗದವರೆಲ್ಲ ಬೇವಿನ ಗಿಡದ ಕೆಳಗೆ ಸಾಲಾಗಿ ಕೂತು ಉಣ್ಣುವುದು ವಾಡಿಕೆ. ಆ ವರ್ಷ ಕರಜಗಿಯ ನಮ್ಮ ಹೊಲಕ್ಕೆ ನನ್ನ ತಮ್ಮ ಊಟದ ಬುತ್ತಿಯ ಜೊತೆಗೆ ಬೆರಳು ಒತ್ತಿಸಿಕೊಳ್ಳುವ ಯಂತ್ರವನ್ನೂ ತಂದಿದ್ದ.

ಅವನು ಒಂದು ಮೊಬೈಲ್ ಕಂಪನಿಯಲ್ಲಿ ಮ್ಯಾನೇಜರ್ ಆಗಿದ್ದ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕು ಅವನ ಕೈಯಲ್ಲಿದ್ದವು. ಹವಳಗಾದ ಕಾರ್ಖಾನೆಗೆ ಹೋಗುವ ಕಬ್ಬಿನ ಟ್ರ್ಯಾಕ್ಟರ್‌ಗಳ ಹಿಂದೆ ಧೂಳು ಕುಡಿಯುತ್ತ ದಿನವಿಡೀ ಬೈಕ್ ಓಡಿಸುವ ಕೆಲಸ. ಆದರೂ ಅಂಗಡಿಯವರು ಅವನನ್ನು ಸರ್ ಎಂದು ಕರೆಯುತ್ತಿದ್ದರು. ಅವ್ವನಿಗೆ ಅಷ್ಟು ಸಾಕಿತ್ತು. ಬಂದವರ ಮುಂದೆಲ್ಲ ಅದೇ ಮಾತು.

ನಾನು ಆಳಂದದಲ್ಲಿ ಶಾಲೆಯ ಶಿಕ್ಷಕಿ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ, ಸುಳ್ಳಲ್ಲ. ಒಮ್ಮೆ ಅಫಜಲಪುರದಲ್ಲಿ ತಮ್ಮನ ಕೋಣೆಗೆ ಹೋದಾಗ ಅವನು ಮೊಬೈಲನ್ನು ತಂಬಿಗೆಗೆ ಒರಗಿಸಿಟ್ಟು ಅದರ ಮುಂದೆ ಕೈಕಟ್ಟಿ ನಿಂತಿದ್ದ. ಬೆಂಗಳೂರಿನ ಸಾಹೇಬರ ಸಂಜೆಯ ಮೀಟಿಂಗ್ ಅಂತೆ. ತಿಂಗಳಿಗೆ ಇಷ್ಟು ಹೊಸ ಸಿಮ್ ಎಂಬ ಟಾರ್ಗೆಟ್ ಮುಟ್ಟದವರು ಮೀಟಿಂಗ್ ಮುಗಿಯುವ ತನಕ ಎದ್ದು ನಿಂತಿರಬೇಕು. ಬೈಯುವುದೆಲ್ಲ ಬೈದು ಆ ಮನುಷ್ಯ ಕೊನೆಗೆ, "ನಾವೆಲ್ಲ ಒಂದೇ ಕುಟುಂಬ, ನೆನಪಿರಲಿ" ಎಂದ. ನನ್ನ ಮೈಯೆಲ್ಲ ಉರಿದುಹೋಯಿತು. ಲೆಕ್ಕ ಮಾಡದೆ ಬಂದ ಶಾಲೆಯ ಮಕ್ಕಳನ್ನೂ ನಾನು ಹಾಗೆ ನಿಲ್ಲಿಸುವವಳಲ್ಲ.

"ಬಿಟ್ಟು ಬಾ ಲೇ ಈ ನೌಕರಿ" ಎಂದೆ.

"ಇದೊಂದ ಸಲ ಟಾರ್ಗೆಟ್ ಮುಟ್ಟಲಿ ಅಕ್ಕಾ" ಎಂದು ನಕ್ಕ. ಆ ನಗು ನನಗೆ ಸೇರಲಿಲ್ಲ.

ಅದಾದ ಮೇಲೆ ಬಂದದ್ದೇ ಎಳ್ಳ ಅಮಾವಾಸ್ಯೆ. ಊಟವಾದ ಮೇಲೆ ತಮ್ಮ ಹೆಂಗಸರ ಸಾಲಿನ ಮುಂದೆ ಕೂತು ಎಲ್ಲರ ಆಧಾರ್ ಕಾರ್ಡ್ ಇಸಿದುಕೊಂಡ. ಮನೆಗೊಂದು ಪುಕ್ಕಟೆ ಸಿಮ್, ಬೆರಳು ಒತ್ತಿದರಾಯಿತು ಎಂದ. ನಮ್ಮ ಹೆಂಗಸರ ಬೆರಳು ಯಾವ ಯಂತ್ರಕ್ಕೂ ಬೇಗ ಸಿಗುವುದಿಲ್ಲ. ಕಳೆ ಕಿತ್ತು, ತೊಗರಿ ಕೊಯ್ದು ಗೆರೆಗಳೇ ಸವೆದಿರುತ್ತವೆ. ರೇಷನ್ ಅಂಗಡಿಯಲ್ಲೂ ಸೆರಗಿಗೆ ಒರೆಸಿ ಒರೆಸಿ ಒತ್ತಬೇಕು. ಹಾಗಾಗಿ ತಮ್ಮ ಮತ್ತೆ ಮತ್ತೆ ಒತ್ತಿಸಿದಾಗ ಯಾರಿಗೂ ಏನೂ ಅನ್ನಿಸಲಿಲ್ಲ.

"ಬರವಲ್ದು ಕಾಕು, ಇನ್ನೊಮ್ಮೆ ಒತ್ರಿ."

"ಬೆರಳ ಸವದಾವ ಯಪ್ಪಾ, ಎಲ್ಲಿಂದ ಬರ್ತಾವ" ಎಂದು ನಮ್ಮ ಚಿಕ್ಕಪ್ಪನ ಹೆಂಡತಿ ಕಾಕು ನಕ್ಕು ಮತ್ತೆ ಒತ್ತಿದಳು.

ಎಲ್ಲರಿಗಿಂತ ಹೆಚ್ಚು ಸಲ ಒತ್ತಿದವಳು ಅವ್ವ. ಬಳಗದವರೆಲ್ಲ ಎದ್ದು ಹೋದ ಮೇಲೂ ಮಗ ಕೇಳಿದಾಗಲೆಲ್ಲ ಬಲಗೈ ಚಾಚುತ್ತಿದ್ದಳು, ಎಡಗೈಯಿಂದ ಪಾತ್ರೆ ಜೋಡಿಸುತ್ತಿದ್ದಳು. ಮನೆಯ ಮಗ ಕೇಳಿದರೆ ಯಾಕೆ ಎಂದು ಕೇಳುವ ರೂಢಿ ನಮ್ಮಲ್ಲಿಲ್ಲ.

ಬರುವುದಿಲ್ಲ ಎಂದ ಬೆರಳುಗಳೆಲ್ಲ ನಿಜವಾಗಿ ಬಂದಿದ್ದವು. ಒತ್ತಿದಷ್ಟೂ ಸಲ ಒಂದೊಂದು ಹೊಸ ಸಿಮ್ ಚಾಲೂ ಆಗಿತ್ತು. ಗಿರಾಕಿಗಳು ಹೆಚ್ಚಿದರೆಂದು ಕಂಪನಿ ಕುಣಿದಾಡಿತು, ಸಾಹೇಬರಿಗೆ ಸನ್ಮಾನವಾಯಿತು. ಆ ಸಿಮ್‌ಗಳನ್ನು ಯಾರೋ ಗಂಟು ಕಟ್ಟಿಕೊಂಡು ಒಯ್ದರು. ಅವ್ವನ ಹೆಸರಿನ ಒಂದು ಸಿಮ್‌ನಿಂದ ದೂರದ ರಾಜ್ಯದಲ್ಲಿ ಯಾರಿಗೋ ಫೋನ್ ಮಾಡಿ ಮೋಸ ಮಾಡಿದ್ದರು.

ನನಗೆ ಇದೆಲ್ಲ ತಿಳಿದದ್ದು ಜೇವರ್ಗಿಯ ಒಬ್ಬ ಹೆಂಗಸಿನಿಂದ. ಆಕೆಯ ಗಂಡನದು ರೀಚಾರ್ಜ್ ಅಂಗಡಿ. ಒಂದು ಮಧ್ಯಾಹ್ನ ಶಾಲೆಯ ಗೇಟಿನ ಹತ್ತಿರ ಕೂಸನ್ನು ಎತ್ತಿಕೊಂಡು ನಿಂತಿದ್ದಳು.

"ಮೇಡಂರಿ, ನಿಮ್ಮ ತಮ್ಮ ಸರ್ ಮ್ಯಾಲ ಭರೋಸಾ ಇಟ್ಟು ನಮ್ಮ ಮನಿಯವರು ಸಿಮ್ ಚಾಲೂ ಮಾಡೂ ಅಂಗಡಿ ಐಡಿ, ಪಾಸ್‌ವರ್ಡ್ ಎಲ್ಲಾ ಅವರ ಕೈಯಾಗ ಕೊಟ್ಟಿದ್ರು. ಈಗ ಸಿಮ್ ಎಲ್ಲಾ ನಮ್ಮ ಅಂಗಡ್ಯಾಗ ಚಾಲೂ ಮಾಡ್ಯಾರ ಅಂತ ಪೊಲೀಸ್ರು ದಿನಾ ಸ್ಟೇಷನ್‌ಗೆ ಕರಸಾಕತ್ತಾರ್ರಿ. ಸರ್ ಫೋನ ಎತ್ತವಲ್ರು."

ಅಂದೇ ಅಫಜಲಪುರಕ್ಕೆ ಹೋದೆ. ತಮ್ಮ ಒಂದೂ ಸುಳ್ಳು ಹೇಳಲಿಲ್ಲ. ಹೇಳುವ ಶಕ್ತಿಯೂ ಅವನಲ್ಲಿ ಉಳಿದಿರಲಿಲ್ಲ. ಅಷ್ಟರಲ್ಲಿ ಬೆಂಗಳೂರಿನ ಸಾಹೇಬನ ಫೋನ್ ಬಂತು. ನಾನು ಸ್ಪೀಕರ್ ಹಾಕಿಸಿದೆ.

"ರೆಕಾರ್ಡ್‌ನಲ್ಲಿರೋದು ಆ ಅಂಗಡಿಯವನ ಐಡಿ. ನಿಮ್ಮ ತಾಯಿ ಜೇವರ್ಗಿ ಅಂಗಡೀಲೇ ಬೆರಳು ಒತ್ತಿದ್ದು ಅಂತ ಹೇಳಲಿ, ಮುಗೀತು. ನೀನೂ ಉಳೀತೀಯ, ಕಂಪನಿ ಹೆಸರೂ ಉಳಿಯುತ್ತೆ."

ಕುಟುಂಬದ ಮಾತು ಆ ಸಾಹೇಬನಿಗೆ ಅಂದು ನೆನಪಾಗಲಿಲ್ಲ. ಅವ್ವ ಏನು ಹೇಳುತ್ತಾಳೋ ಅದರ ಮೇಲೆ ಈಗ ಇಬ್ಬರ ಬದುಕು ನಿಂತಿತ್ತು. ಹೌದು ಎಂದರೆ ಆ ಅಂಗಡಿಯವನು ಜೈಲಿಗೆ, ಇಲ್ಲ ಎಂದರೆ ನನ್ನ ತಮ್ಮ.

ಅವ್ವನನ್ನೂ ಪೊಲೀಸರು ಹೇಳಿಕೆಗೆ ಕರೆದಿದ್ದರು. ಅದರ ಮುನ್ನಾದಿನ ಅವಳು ಜಿಡಗಾದ ಮಠಕ್ಕೆ ಹೋಗಬೇಕೆಂದಳು. ಮೂವರೂ ಹೋದೆವು. ಪ್ರಸಾದವಾದ ಮೇಲೆ ತಮ್ಮ ಅವ್ವನ ಮುಂದೆ ಕೂತು, ನಡೆದದ್ದನ್ನೂ ಸಾಹೇಬ ಹೇಳಿಕೊಟ್ಟದ್ದನ್ನೂ ತಲೆ ತಗ್ಗಿಸಿ ಹೇಳಿದ.

"ಆ ಅಂಗಡಿ ನಾ ಯಾವಾಗರ ನೋಡೀನೇನು?" ಎಂದು ಕೇಳಿದಳು.

"ಇಲ್ಲ ಯವ್ವಾ."

"ಅವಂಗ ಮಕ್ಕಳ ಅದಾವೇನು?"

"ಒಂದು ಕೂಸದ" ಎಂದೆ ನಾನು.

ಅವ್ವ ಎದ್ದಳು. ಮೂವರ ತಾಟುಗಳನ್ನೂ ತಾನೇ ಒಯ್ದು ತೊಳೆದಿಟ್ಟಳು. ದಾರಿಯುದ್ದಕ್ಕೂ ನಾನು ಏನು ಬೇಡಿಕೊಂಡೆ ಎಂದು ನನಗೇ ಗೊತ್ತಿಲ್ಲ. ಅವ್ವ ಸುಳ್ಳು ಹೇಳಬಾರದು ಎಂದೂ ಬೇಡಿಕೊಂಡೆ, ತಮ್ಮ ಉಳಿಯಬೇಕು ಎಂದೂ ಬೇಡಿಕೊಂಡೆ.

ಮರುದಿನ ಜೇವರ್ಗಿಯ ಸ್ಟೇಷನ್ನಿನಲ್ಲಿ ಅಂಗಡಿಯವನು ಗೋಡೆಗೆ ಒರಗಿ ಕೂತಿದ್ದ. ಗಡ್ಡ ಬೆಳೆದಿತ್ತು. ತಮ್ಮನನ್ನು ಕಂಡು ಅಭ್ಯಾಸಬಲದಿಂದ ಎದ್ದು ನಿಂತ.

ಪೊಲೀಸ್ ಸಾಹೇಬರು ಮೆತ್ತಗೆ ಕೇಳಿದರು: "ಯಮ್ಮಾ, ಈ ಸಿಮ್ಮಿಗೆ ನೀವು ಬೆರಳ ಒತ್ತಿದ್ದು ಇವರ ಅಂಗಡ್ಯಾಗ ಏನ್ರಿ?"

"ಜೇವರ್ಗಿ ಊರ ನಾ ಇವತ್ತ ನೋಡಾಕತ್ತೇನ್ರಿ ಸಾಹೇಬ್ರ" ಎಂದಳು ಅವ್ವ. "ನಾ ಒತ್ತಿದ್ದು ನಮ್ಮ ಹೊಲದಾಗ. ಎಳ್ಳಮಾಸಿ ದಿನ, ಚರಗ ಚೆಲ್ಲಿ ಉಂಡ ಮ್ಯಾಲ."

"ಯಾರು ಒತ್ತಿಸಿದ್ರು?"

ಅವ್ವ ಸೆರಗು ಹೊದ್ದುಕೊಂಡಳು. ತಮ್ಮನ ಕಡೆ ತಿರುಗಲಿಲ್ಲ.

"ನನ್ನ ಮಗ್ರಿ."

ತಮ್ಮ ಅಲ್ಲಗಳೆಯಲಿಲ್ಲ. ಕೆಲವು ತಿಂಗಳು ಒಳಗಿದ್ದು ಜಾಮೀನಿನ ಮೇಲೆ ಬಂದ. ಇದು ಒಬ್ಬ ನೌಕರನ ವೈಯಕ್ತಿಕ ತಪ್ಪು ಎಂದು ಹೇಳಿ ಕಂಪನಿ ಕೈ ತೊಳೆದುಕೊಂಡಿತು. ಸಾಹೇಬ ಇನ್ನೂ ದೊಡ್ಡ ಕಂಪನಿಗೆ ಹೋದನಂತೆ. ಅವನ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ತಮ್ಮನ ಮೇಲಿನದೂ ಇಳಿದಿಲ್ಲ, ಆದರೆ ಊರಿಗೆ ಹೋದಾಗ ಅವನಿಗೆ ಬಿಸಿ ರೊಟ್ಟಿ ಬಡಿದು ಹಾಕುತ್ತೇನೆ. ಮಾತು ಮಾತ್ರ ಕಡಿಮೆ.

ಈ ವರ್ಷದ ಎಳ್ಳ ಅಮಾವಾಸ್ಯೆಗೆ ಬಳಗದವರು ಯಾರೂ ನಮ್ಮ ಹೊಲಕ್ಕೆ ಬರಲಿಲ್ಲ. ಕಾಕುವಿನ ಹೆಸರಿನಲ್ಲೂ ಸಿಮ್‌ಗಳಿದ್ದವು, ಅವಳೂ ಸ್ಟೇಷನ್ ಮೆಟ್ಟಿಲು ಹತ್ತಬೇಕಾಯಿತು. ಅವ್ವ ಪ್ರತಿ ವರ್ಷದಷ್ಟೇ ರೊಟ್ಟಿ ಮಾಡಿದ್ದಳು. ಮೂವರೇ ಕೂತು ಉಂಡೆವು. ಉಳಿದದ್ದನ್ನು ಕಬ್ಬು ಕಡಿಯುವವರಿಗೆ ಕೊಟ್ಟು ಬಂದೆವು.

ಮೊನ್ನೆ ಅವ್ವನನ್ನು ತಮ್ಮನೇ ಬೈಕಿನ ಮೇಲೆ ರೇಷನ್ ಅಂಗಡಿಗೆ ಕರೆತಂದ. ನಾನು ಚೀಲ ಹಿಡಿದು ಸಾಲಿನಲ್ಲಿ ನಿಂತಿದ್ದೆ. ಅವ್ವ ಹೆಬ್ಬೆರಳನ್ನು ಸೆರಗಿಗೆ ಒರೆಸಿ ಯಂತ್ರದ ಮೇಲಿಟ್ಟಳು. ಎಂದಿನಂತೆ ಬರಲಿಲ್ಲ.

"ಇನ್ನೊಮ್ಮೆ ಒತ್ರಿ ಯಮ್ಮಾ" ಎಂದ ರೇಷನ್ ಅಂಗಡಿಯವ.

ಅವ್ವ ಕೈ ಹಿಂದೆ ತೆಗೆದುಕೊಂಡಳು. ಬೈಕಿನ ಹತ್ತಿರ ನಿಂತಿದ್ದ ತಮ್ಮನ ಕಡೆ ತಿರುಗಿ ಕೇಳಿದಳು, "ಒತ್ತಲೇನಪ್ಪಾ?"

ಅವಳ ದನಿಯಲ್ಲಿ ಚುಚ್ಚುಮಾತಿರಲಿಲ್ಲ. ಗೊತ್ತಿಲ್ಲದವಳು ಗೊತ್ತಿದ್ದವನನ್ನು ಕೇಳುವಂತೆ, ನಿಜವಾಗಿಯೇ ಕೇಳಿದ್ದಳು. ಸಾಲಿನಲ್ಲಿದ್ದ ಹೆಂಗಸರೆಲ್ಲ ತಮ್ಮನ ಮುಖ ನೋಡಿದರು. ಅವ್ವ ಹೆಬ್ಬೆರಳನ್ನು ಸೆರಗಿನಲ್ಲಿ ಹಿಡಿದುಕೊಂಡು ಅವನ ಉತ್ತರಕ್ಕೆ ಕಾಯುತ್ತಲೇ ನಿಂತಳು.